ಪಿಕಪ್‌ನ ಫೋರ್ ವೀಲ್ ಡ್ರೈವ್ ಮಾಡ್ಯೂಲ್: ಗುಜರಿಯದು, ಹೊಸದು, ರಿಪೇರಿಯಾದದ್ದು

ಡೆನ್ವರ್‌ನಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳನ್ನೇರುವ ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೋವರೆಗಿನ ಭಾಗಕ್ಕೆ ಕೊಲೊರಾಡೊ ರಾಜ್ಯವು ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಪ್ರತ್ಯೇಕ ನಿಯಮ ಮಾಡಿದೆ. ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ವಾಹನವಾದರೆ ಟೈರಿನ ಬಟನ್ ಕನಿಷ್ಠ 3/16 ಇಂಚು ಆಳವಿರಬೇಕು; ಅಂಥ ವಾಹನವಲ್ಲದಿದ್ದರೆ ಹಿಮಕ್ಕೆ ತಕ್ಕ ಟೈರುಗಳಿರಬೇಕು ಅಥವಾ ಟೈರಿಗೆ ಸುತ್ತುವ ಚೈನ್ ಜೊತೆಗಿರಬೇಕು. ಚಳಿಗಾಲದಲ್ಲಿ ಈ ದಾರಿಯಲ್ಲಿ ಓಡಾಡುವವರಿಗೆ ಫೋರ್ ವೀಲ್ ಡ್ರೈವ್ ಕೆಡುವುದೆಂದರೆ ಪ್ರಯಾಣವೇ ನಿಂತಂತೆ. ನನ್ನ 2004ರ ಜನರಲ್ ಮೋಟಾರ್ಸ್ ಪಿಕಪ್‌ನಲ್ಲಿ ಕೆಟ್ಟದ್ದು ಗೇರೂ ಅಲ್ಲ, ಆಕ್ಸಲ್ಲೂ ಅಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಕುಳಿತಿರುವ ಟ್ರಾನ್ಸ್‌ಫರ್ ಕೇಸ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯನ್ನು (ಟ್ರಾನ್ಸ್‌ಫರ್ ಕೇಸ್) ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ. ಅದನ್ನು ಸರಿಪಡಿಸಲು ಇರುವ ಬೇರೆ ಬೇರೆ ದಾರಿಗಳನ್ನು ನನ್ನ ಪಿಕಪ್‌ನಲ್ಲಿಯೂ ಅದೇ ಪೀಳಿಗೆಯ ಪಿಕಪ್ ಇರುವ ಗೆಳೆಯರಿಬ್ಬರ ಮನೆಗಳಲ್ಲಿಯೂ ಕೈಯಾರೆ ಪ್ರಯೋಗಿಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಈ ಪಿಕಪ್‌ಗಳಲ್ಲಿ ಇರುವುದು ಎನ್‌ವಿ 246 ಮಾದರಿಯ ಟ್ರಾನ್ಸ್‌ಫರ್ ಕೇಸ್. ಡ್ಯಾಶ್‌ಬೋರ್ಡಿನ ಗುಂಡಿಯನ್ನು ಒತ್ತಿದಾಗ ಮಾಡ್ಯೂಲ್ ಅದನ್ನು ಓದಿ, ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಎನ್‌ಕೋಡರ್ ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಎಲ್ಲಿ ನಿಂತಿದೆಯೆಂಬುದನ್ನು ಅದರೊಳಗಿನ ಸೆನ್ಸರ್ ಮಾಡ್ಯೂಲಿಗೆ ತಿಳಿಸುತ್ತದೆ. ಆಟೋ ಸ್ಥಿತಿಯಲ್ಲಿ ಮಾಡ್ಯೂಲ್ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ವೇಗವನ್ನು ಸತತವಾಗಿ ಹೋಲಿಸುತ್ತ, ಹಿಂದಿನ ಚಕ್ರಗಳು ಜಾರಿದ ಕ್ಷಣ ಒಳಗಿನ ಕ್ಲಚ್ಚನ್ನು ಬಿಗಿಗೊಳಿಸಿ ಮುಂದಿನ ಚಕ್ರಗಳಿಗೆ ಬಲ ಕಳುಹಿಸುತ್ತದೆ. ಒಂದು ತಿರುವಿನಲ್ಲಿ ಒಣ ಡಾಂಬರು, ಮುಂದಿನ ತಿರುವಿನ ನೆರಳಿನಲ್ಲಿ ಮಂಜುಗಡ್ಡೆ ಇರುವ ಬೆಟ್ಟದ ದಾರಿಗೆ ಬೇಕಾದುದು ಈ ಆಟೋ ಸ್ಥಿತಿಯೇ. ಒಣ ರಸ್ತೆಯಲ್ಲಿ ಫೋರ್ ಹೈ (ಮುಂದಿನ, ಹಿಂದಿನ ಶಾಫ್ಟುಗಳು ಸದಾ ಒಟ್ಟಿಗೇ ತಿರುಗುವ ಸ್ಥಿತಿ) ಹಾಕಿಕೊಂಡು ತಿರುಗಿದರೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ ಶಾಫ್ಟುಗಳಲ್ಲಿ ಬಿಗಿತ ತುಂಬಿಕೊಂಡು ಇಡೀ ವ್ಯವಸ್ಥೆಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಯಾವ ಮಾಡ್ಯೂಲ್ ಒಳ್ಳೆಯದೆಂದು ನಿರ್ಧರಿಸುವಾಗ ಆಟೋ ಎಷ್ಟು ನಂಬಿಕೆಯಿಂದ ಕೆಲಸ ಮಾಡುತ್ತದೆ ಎಂಬುದನ್ನೇ ನಾನು ಮುಖ್ಯ ಅಳತೆಯಾಗಿ ಇಟ್ಟುಕೊಂಡೆ.

ಹಣ ಖರ್ಚು ಮಾಡುವ ಮೊದಲು ದೋಷ ಮಾಡ್ಯೂಲಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ‘ಸರ್ವಿಸ್ ಫೋರ್ ವೀಲ್ ಡ್ರೈವ್’ ಎಂಬ ಸೂಚನೆ ಬಂದ ಕೂಡಲೇ ಮಾಡ್ಯೂಲ್ ಬದಲಿಸುವವರು ಬಹಳ ಮಂದಿ. ಅಗ್ಗದ ಸ್ಕ್ಯಾನರುಗಳು ಸಾಮಾನ್ಯವಾಗಿ ಎಂಜಿನ್ನಿಗೆ ಸಂಬಂಧಿಸಿದ, ‘ಪಿ’ ಅಕ್ಷರದಿಂದ ಶುರುವಾಗುವ ದೋಷಸೂಚಕ ಕೋಡುಗಳನ್ನು ಮಾತ್ರ ಓದುತ್ತವೆ. ಈ ವ್ಯವಸ್ಥೆಯ ದೋಷಗಳು ‘ಸಿ’ ಸಾಲಿನಲ್ಲಿ ಇರುವುದರಿಂದ ಅವುಗಳನ್ನು ಓದಬಲ್ಲ ಸ್ಕ್ಯಾನರ್ ಬೇಕು. ಸಿ0327 ಬಂದರೆ ಅದು ಎನ್‌ಕೋಡರ್ ಸರ್ಕ್ಯೂಟಿನ ದೂರು. ಹೆಚ್ಚಿನ ಸಲ ಮೋಟಾರಿನ ಸೆನ್ಸರೋ ಕೆಸರು, ಉಪ್ಪುನೀರು ತಿಂದ ಅದರ ಕನೆಕ್ಟರೋ ಕಾರಣವಾಗಿರುತ್ತದೆ, ಮಾಡ್ಯೂಲ್ ಬದಲಿಸಿದರೆ ಏನೂ ಪ್ರಯೋಜನವಿಲ್ಲ. ಸಿ0550 ಮಾತ್ರ ಮಾಡ್ಯೂಲಿನ ಒಳದೋಷವನ್ನು ತೋರಿಸುವ ಕೋಡ್. ನನ್ನದರಲ್ಲಿ ಬಂದದ್ದು ಅದು. ಅಷ್ಟಾದರೂ ಫ್ಯೂಸುಗಳನ್ನು, ಮಾಡ್ಯೂಲಿಗೆ ಬರುವ ಬ್ಯಾಟರಿ ವೋಲ್ಟೇಜನ್ನು, ಕೀ ತಿರುಗಿಸಿದಾಗ ಬರುವ ವೋಲ್ಟೇಜನ್ನು ಮತ್ತು ಅರ್ಥಿಂಗನ್ನು ಮೀಟರ್ ಹಿಡಿದು ನೋಡಿದ ಮೇಲೆಯೇ ಮುಂದುವರಿದೆ.

ಎಲ್ಲಕ್ಕಿಂತ ಅಗ್ಗದ ದಾರಿ ಗುಜರಿ. ಇಲ್ಲಿನ ದೊಡ್ಡ ಗುಜರಿ ಅಂಗಳಗಳಲ್ಲಿ ನಾವೇ ಸ್ಪ್ಯಾನರ್ ಹಿಡಿದು ಹೋಗಿ ಹಳೆಯ ವಾಹನಗಳಿಂದ ಬಿಡಿಭಾಗ ಬಿಚ್ಚಿಕೊಳ್ಳಬಹುದು. ಸುಮಾರು ನಲವತ್ತು ಡಾಲರಿಗೆ ಮಾಡ್ಯೂಲ್ ದೊರೆಯಿತು. ಆದರೆ ಸರಿಯಾದುದನ್ನು ಆರಿಸುವುದಕ್ಕೆ ತಾಳ್ಮೆ ಬೇಕು. ಗ್ಲೋವ್ ಬಾಕ್ಸಿನೊಳಗಿನ ಚೀಟಿಯಲ್ಲಿ ಎನ್‌ಪಿ8 ಎಂದಿದ್ದರೆ ಆಟೋ ಗುಂಡಿ ಇರುವ ವ್ಯವಸ್ಥೆ, ಎನ್‌ಪಿ1 ಎಂದಿದ್ದರೆ ಆಟೋ ಇಲ್ಲದ್ದು. ಒಂದರ ಮಾಡ್ಯೂಲ್ ಇನ್ನೊಂದಕ್ಕೆ ಸಲ್ಲದು. 2003ರಲ್ಲಿ ಈ ಪೀಳಿಗೆಯ ವಿದ್ಯುತ್ ವ್ಯವಸ್ಥೆ ಬದಲಾದ್ದರಿಂದ ಅದಕ್ಕೂ ಹಿಂದಿನ ವರ್ಷಗಳ ಮಾಡ್ಯೂಲನ್ನೂ ಬಿಡಬೇಕು. ಮಾಡ್ಯೂಲಿನ ಮೇಲಿನ ಪಾರ್ಟ್ ನಂಬರ್ ಅಕ್ಷರಶಃ ಹೊಂದುವಂಥದನ್ನು ಹುಡುಕಿ ತಂದು ಹಾಕಿದಾಗ, ಯಾವ ಪ್ರೋಗ್ರಾಮಿಂಗೂ ಇಲ್ಲದೆ ಗುಂಡಿಗಳ ದೀಪ ಹೊತ್ತಿಕೊಂಡವು. ಟೂ ಹೈ (ಹಿಂದಿನ ಚಕ್ರಗಳಿಗಷ್ಟೇ ಬಲ), ಫೋರ್ ಹೈ, ಫೋರ್ ಲೋ (ನಾಲ್ಕೂ ಚಕ್ರಗಳಿಗೆ ಕಡಿಮೆ ವೇಗದಲ್ಲಿ ಹೆಚ್ಚು ಬಲ) ಎಲ್ಲವೂ ಸರಿಯಾಗಿ ನಡೆದವು. ಕೊರತೆ ಕಂಡದ್ದು ತೀವ್ರ ಚಳಿಯ ಬೆಳಗುಗಳಲ್ಲಿ. ಆಟೋ ಕೆಲವೊಮ್ಮೆ ತಾನಾಗಿ ಬಿಟ್ಟುಕೊಂಡು ಅದೇ ಸೂಚನೆ ಮತ್ತೆ ಬರುತ್ತಿತ್ತು. ಕ್ಯಾಬಿನ್ ಬಿಸಿಯಾದ ಮೇಲೆ ಎಂಜಿನ್ ಆರಿಸಿ ಹಚ್ಚಿದರೆ ಸರಿಹೋಗುತ್ತಿತ್ತು. ಇದರಲ್ಲಿ ಅಚ್ಚರಿಯಿಲ್ಲ. ಗುಜರಿಯ ಮಾಡ್ಯೂಲೂ ನನ್ನದರಷ್ಟೇ ಹಳೆಯದು. ಅದೇ ಕಂಪನವನ್ನೂ ಅದೇ ಬಿಸಿ-ತಣಿವನ್ನೂ ಅಷ್ಟೇ ವರ್ಷ ಅನುಭವಿಸಿದ ಬೆಸುಗೆಗಳು ಅದರಲ್ಲಿಯೂ ಇರುತ್ತವೆ.

ಹೊಸ ಮಾಡ್ಯೂಲನ್ನು ಹಾಕಿದ್ದು ಒಬ್ಬ ಗೆಳೆಯನ ಪಿಕಪ್‌ಗೆ. ಹೊಸದು ಪೆಟ್ಟಿಗೆಯಿಂದ ಬರುವಾಗ ಅದರಲ್ಲಿ ಆ ವಾಹನದ ಕ್ಯಾಲಿಬ್ರೇಶನ್ (ಆ ವಾಹನಕ್ಕೆ ತಕ್ಕ ಹೊಂದಾಣಿಕೆಯ ಮಾಹಿತಿ) ಇರುವುದಿಲ್ಲ. ಕೂರಿಸಿದ ಮೇಲೆ ಡೀಲರ್ ಬಳಿಗೋ, ಅಂಥ ಉಪಕರಣವುಳ್ಳ ವರ್ಕ್‌ಶಾಪಿಗೋ ಒಯ್ದು ವಾಹನದ ಗುರುತಿನ ಸಂಖ್ಯೆಗೆ ತಕ್ಕ ಪ್ರೋಗ್ರಾಮ್ ತುಂಬಿಸಬೇಕು, ಮತ್ತು ಅಲ್ಲಿಯವರೆಗೆ ಪಿಕಪ್ ಬರಿಯ ಹಿಂಚಕ್ರದ ಬಲದಲ್ಲಿಯೇ ಓಡಬೇಕು. ಹಿಮ ಬೀಳುವ ವಾರದಲ್ಲಿ ಇದು ಸಣ್ಣ ಮಾತಲ್ಲ. ಮಾಡ್ಯೂಲ್ ಮತ್ತು ಪ್ರೋಗ್ರಾಮಿಂಗ್ ಸೇರಿ ಖರ್ಚು ಸುಮಾರು ನಾನ್ನೂರು ಡಾಲರ್ ಆಯಿತು. ಫಲಿತಾಂಶದ ಬಗ್ಗೆ ಒಂದು ಮಾತೂ ಎತ್ತುವಂತಿಲ್ಲ: ಮೈಕೊರೆಯುವ ಚಳಿಯಲ್ಲಿಯೂ ಆಟೋ ಒಮ್ಮೆಯೂ ಕೈಬಿಡಲಿಲ್ಲ.

ಇನ್ನೊಬ್ಬ ಗೆಳೆಯ ತರಿಸಿದ್ದು ನವೀಕರಿಸಿ, ಗುರುತಿನ ಸಂಖ್ಯೆ ಕೊಟ್ಟರೆ ಪ್ರೋಗ್ರಾಮ್ ಮಾಡಿಯೇ ಕಳುಹಿಸುವ ಮಾಡ್ಯೂಲ್. ಬೆಲೆ ಹೊಸದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕೂರಿಸಿದ ಕೂಡಲೇ ಕೆಲಸ ಮಾಡಿತು, ಡೀಲರ್ ಬಳಿ ಹೋಗುವುದು ತಪ್ಪಿತು. ನನಗೆ ಇದರಲ್ಲಿ ಒಪ್ಪಿಗೆಯಾಗದ ಅಂಶವೆಂದರೆ, ಇಂಥ ಮಾರಾಟಗಾರರು ಠೇವಣಿ ಹಣ ಹಿಡಿದುಕೊಂಡು ಹಳೆಯ ಮಾಡ್ಯೂಲನ್ನು ವಾಪಸು ಕೇಳುತ್ತಾರೆ. ಅದನ್ನು ಕೊಟ್ಟುಬಿಟ್ಟರೆ ನಿಮ್ಮ ವಾಹನಕ್ಕೆಂದೇ ಸಿದ್ಧವಾಗಿ ಬಂದ ಬೋರ್ಡ್ ಶಾಶ್ವತವಾಗಿ ಕೈತಪ್ಪುತ್ತದೆ. ಸಾಧ್ಯವಿದ್ದರೆ ಠೇವಣಿ ಬಿಟ್ಟು ಹಳೆಯದನ್ನು ಉಳಿಸಿಕೊಳ್ಳುವುದೇ ಲೇಸು.

ಆ ಹಳೆಯ ಬೋರ್ಡಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ, ನನ್ನ ಮಟ್ಟಿಗೆ ಗೆದ್ದದ್ದು ಅದನ್ನೇ ರಿಪೇರಿ ಮಾಡಿಸುವ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಥ ಬೋರ್ಡನ್ನೂ ಬಿಚ್ಚಿ, ಕೆಟ್ಟ ಭಾಗವೊಂದನ್ನೇ ಹುಡುಕಿ ಬದಲಿಸುವವರನ್ನು ನೋಡುತ್ತ ಬೆಳೆದ ನನಗೆ, ಇಡೀ ಮಾಡ್ಯೂಲನ್ನು ಎಸೆಯುವ ಇಲ್ಲಿನ ಪದ್ಧತಿ ಎಂದೂ ಒಗ್ಗಿಲ್ಲ. ಅಮೆರಿಕದಲ್ಲಿಯೂ ಅಂಚೆಯಲ್ಲಿ ಮಾಡ್ಯೂಲ್ ತರಿಸಿಕೊಂಡು ರಿಪೇರಿ ಮಾಡಿ ಹಿಂದಿರುಗಿಸುವ ಕುಶಲಿಗಳಿದ್ದಾರೆ. ನೂರು ಡಾಲರಿನೊಳಗೆ ಕೆಲಸ ಮುಗಿಯಿತು. ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದುವೆಂದೂ, ಅವುಗಳನ್ನು ಹೊಸದಾಗಿ ಬೆಸೆದು ಮೋಟಾರಿಗೆ ವಿದ್ಯುತ್ ಕೊಡುವ ರಿಲೇಯನ್ನು ಬದಲಿಸಲಾಗಿದೆಯೆಂದೂ ಮಾಡ್ಯೂಲಿನೊಂದಿಗೆ ಬರೆದು ಕಳುಹಿಸಿದ್ದರು. ಬೋರ್ಡಿನ ನೆನಪಿನಲ್ಲಿದ್ದ ಕ್ಯಾಲಿಬ್ರೇಶನ್ ಹಾಗೆಯೇ ಉಳಿದಿದ್ದುದರಿಂದ ಪ್ರೋಗ್ರಾಮಿಂಗಿನ ಅಗತ್ಯ ಬರಲಿಲ್ಲ, ಪಾರ್ಟ್ ನಂಬರ್ ಹೊಂದಿಸುವ ಚಿಂತೆಯೂ ಇರಲಿಲ್ಲ. ಅನಂತರದ ಚಳಿಗಾಲದಲ್ಲಿ, 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದವರೆಗಿನ ಏರಿನಲ್ಲಿ, ಆಟೋ ಸ್ಥಿತಿ ಹೊಸ ಮಾಡ್ಯೂಲಿನಷ್ಟೇ ದೃಢವಾಗಿ ನಿಂತಿತು. ಈ ದಾರಿಯ ಒಂದೇ ಅನನುಕೂಲವೆಂದರೆ ಮಾಡ್ಯೂಲ್ ಹೋಗಿ ಬರುವವರೆಗೆ ಕಾಯಬೇಕಾದದ್ದು. ಆ ಅವಧಿಯಲ್ಲಿ ಗುಜರಿಯ ಮಾಡ್ಯೂಲ್ ಪಿಕಪ್‌ನಲ್ಲಿ ಕುಳಿತು ನನ್ನನ್ನು ನಡೆಸಿತು. ಅದಕ್ಕೆ ಕೊಟ್ಟ ನಲವತ್ತು ಡಾಲರ್ ಸಾರ್ಥಕವಾದದ್ದು ಹೀಗೆ.

ಯಾವುದನ್ನು ಆರಿಸಿದರೂ ಬಿಚ್ಚಿ ಜೋಡಿಸುವ ಕೆಲಸ ಒಂದೇ, ಮತ್ತು ಅದರಲ್ಲಿ ಎರಡು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಮಾಡ್ಯೂಲ್ ಇರುವುದು ಸ್ಟಿಯರಿಂಗ್ ಬಳಿ, ಚಾಲಕನ ಮೊಣಕಾಲಿನ ಎದುರಿನ ಹೊದಿಕೆಯ ಹಿಂದೆ. ಅಲ್ಲಿ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳೂ ಇರುವುದರಿಂದ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಕಾದು ಕೈ ಹಾಕಬೇಕು, ಹಳದಿಯವುಗಳನ್ನು ಮುಟ್ಟಬಾರದು. ಎರಡನೆಯದು ಇನ್ನೂ ಮುಖ್ಯ: ಈ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ಲಿಗೆ ಹೋಗಬಲ್ಲದು, ಹಾಗೆ ಹೋದರೆ ಗೇರ್ ಪಾರ್ಕ್‌ನಲ್ಲಿದ್ದರೂ ಪಿಕಪ್ ಉರುಳುತ್ತದೆ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಟ್ಟು ಕೆಲಸ ಮಾಡಬೇಕು. ಮುಗಿದ ಮೇಲೆ ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಫೋರ್ ಲೋ ಹಿಡಿಯಬೇಕಾದರೆ ಗೇರ್ ನ್ಯೂಟ್ರಲ್‌ನಲ್ಲಿದ್ದು ವೇಗ ಗಂಟೆಗೆ 3 ಮೈಲಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಸರಿಯಾದ ಮಾಡ್ಯೂಲೂ ಆಜ್ಞೆಯನ್ನು ನಿರಾಕರಿಸುತ್ತದೆ.

ಬೋರ್ಡಿಗೆ ನೀರು ಹೊಕ್ಕು ಹಸಿರು ಕಿಲುಬು ಹಿಡಿದಿದ್ದರೆ ಅಥವಾ ಪ್ರೊಸೆಸರೇ ಸುಟ್ಟಿದ್ದರೆ ರಿಪೇರಿಯ ಆಸೆಯನ್ನು ಬಿಡಬೇಕು. ಆಗ ಬೆಟ್ಟದ ದಾರಿಯಲ್ಲಿ ದಿನನಿತ್ಯ ಓಡಾಡುವವರು ಖರ್ಚು ಹೆಚ್ಚಾದರೂ ಹೊಸದನ್ನೇ ಹಾಕಿಸಲಿ, ವರ್ಷಕ್ಕೆ ಒಂದೆರಡು ಸಲ ಮಾತ್ರ ಫೋರ್ ವೀಲ್ ಬಳಸುವವರಿಗೆ ನಂಬರ್ ಹೊಂದುವ ಗುಜರಿಯ ಮಾಡ್ಯೂಲ್ ಸಾಕು.