ವಿಂಡೋಸ್ 7 ಮೇಲೆ ಫೈರ್‌ಫಾಕ್ಸ್ 115 ಇಎಸ್‌ಆರ್: ಆಡ್-ಆನ್ ಅಪ್ಡೇಟ್ ಮಟ್ಟಿಗೆ ಪಾಸ್

ಮೊದ್ಲೇ ಹೇಳ್ಬಿಡ್ತೀನಿ, ವಿಂಡೋಸ್ 7 ಇನ್ನೂ ಇಟ್ಕೊಂಡಿರೋರಿಗೆ, ಅದ್ರಲ್ಲೂ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ, ಆಡ್-ಆನ್ ಅಂತಾನೂ ಅಂತಾರೆ) ಎಲ್ಲ ಸರಿಯಾಗಿ ಅಪ್ಡೇಟ್ ಆಗ್ತಾ ಇರ್ಬೇಕು ಅನ್ನೋರಿಗೆ, ಫೈರ್‌ಫಾಕ್ಸ್ 115ರ ಇಎಸ್‌ಆರ್ ಅನ್ನೋ ಚಾನೆಲ್‌ನ ವರ್ಷನ್‌ಗಿಂತ ನೆಟ್ಟಗಿರೋ ಬ್ರೌಸರ್ ನಂಗಂತೂ ಸಿಕ್ಕಿಲ್ಲ. ಹೊಸ ಸಿಸ್ಟಂ ತಗೊಳ್ರೀ ಅನ್ನೋ ಉಪದೇಶ ಕೇಳಿ ಕೇಳಿ ಸಾಕಾಗಿದೆ, ನನ್ ಹಳೇ ಡೆಸ್ಕ್‌ಟಾಪ್‌ಗೆ ಹಾಕಿರೋ ಸ್ಕ್ಯಾನರ್‌ಗೆ ಹೊಸ ವಿಂಡೋಸ್‌ನ ಡ್ರೈವರೇ ಬರ್ಲಿಲ್ಲ, ಸ್ಕ್ಯಾನರ್ ನೋಡಿದ್ರೆ ಕಲ್ಲುಗುಂಡಿನ ಹಂಗಿದೆ, ಹಂಗಾಗಿ ಆ ಸಿಸ್ಟಂ ಇದ್ದಲ್ಲೇ ಇದೆ, ಅದ್ರಲ್ಲೇ ಬ್ರೌಸರೂ ಓಡ್ಬೇಕು.

ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ, ದುಡ್ಡು ಕೊಟ್ಟು ಸಪೋರ್ಟ್ ಮುಂದುವರಿಸ್ಕೊಂಡಿದ್ದ ಕಂಪನಿಗಳಿಗೂ 2023ರ ಜನವರಿಗೆ ಮುಗೀತು. ಅದೇ ತಿಂಗಳು ಬಂದ ಕ್ರೋಮ್ 109 ಈ ವಿಂಡೋಸ್‌ಗೆ ಕೊನೇದು. ಕ್ರೋಮ್ 109 ಈಗ್ಲೂ ಓಪನ್ ಆಗತ್ತೆ, ಪೇಜ್‌ಗಳೂ ಸುಮಾರಾಗಿ ಬರ್ತವೆ, ಆದ್ರೆ ಎಕ್ಸ್‌ಟೆನ್ಷನ್ ವಿಷಯದಲ್ಲಿ ಒಂದು ಕಣ್ಣಿಗೆ ಕಾಣದ ತೊಂದ್ರೆ ಇದೆ. ಎಕ್ಸ್‌ಟೆನ್ಷನ್ ಬರೆಯೋರು ತಮ್ಮ ಹೊಸ ವರ್ಷನ್‌ಗೆ ಕನಿಷ್ಠ ಇಷ್ಟನೇ ಕ್ರೋಮ್ ಬೇಕು ಅಂತ ಒಂದು ನಂಬರ್ ಹಾಕಿರ್ತಾರೆ, ಅದು 109 ದಾಟಿದ್ರೆ ನಿಮ್ಮ ಹತ್ರ ಇರೋ ಹಳೇದು ಹಂಗೇ ಕೂತಿರತ್ತೆ, ಎರರ್ ಇಲ್ಲ, ಕೆಂಪು ಗುರುತಿಲ್ಲ, ಏನೂ ಇಲ್ಲ. ನೀವು ಎಲ್ಲ ಅಪ್ಡೇಟ್ ಆಗ್ತಿದೆ ಅಂದ್ಕೊಂಡು ಆರಾಮಾಗಿರ್ತೀರ.

ಫೈರ್‌ಫಾಕ್ಸ್ 115 ಬಂದಿದ್ದು 2023ರ ಜುಲೈನಲ್ಲಿ, ಅದನ್ನ ಮಾಡೋ ಮೊಜಿಲ್ಲಾದವರು ವಿಂಡೋಸ್ 7, 8, 8.1ಕ್ಕೆ ಇದೇ ಕೊನೆ ಅಂತ ಹೇಳಿ ಆ ವಿಂಡೋಸ್‌ಗಳಲ್ಲಿ ಇದ್ದವರನ್ನೆಲ್ಲ ಇಎಸ್‌ಆರ್ ಚಾನೆಲ್‌ಗೆ ತಂದು ಬಿಟ್ರು. ಇಎಸ್‌ಆರ್ ಅಂದ್ರೆ ಹೊಸ ಸೌಲಭ್ಯ ಏನೂ ಬರಲ್ಲ, ಸೆಕ್ಯುರಿಟಿ ಪ್ಯಾಚ್ ಮಾತ್ರ ಬರ್ತಾ ಇರತ್ತೆ. ಮೊದ್ಲು 2024ರ ಸೆಪ್ಟೆಂಬರ್ ತನಕ ಅಂದ್ರು, ಆಮೇಲೆ 2025ರ ಮಾರ್ಚ್ ಅಂದ್ರು, ಅದನ್ನೂ ಮುಂದಕ್ಕೆ ಹಾಕಿದ್ರು. ಇನ್ನೂ ಅಷ್ಟೊಂದು ಜನ ಹಳೇ ವಿಂಡೋಸ್‌ನಲ್ಲೇ ಇದಾರೆ ಅಂತ ಅವ್ರಿಗೂ ಗೊತ್ತು, ಕೈ ಬಿಡೋಕೆ ಮನಸ್ಸಿಲ್ಲ ಅನ್ಸತ್ತೆ, ನಮ್ಮಂಥೋರ ಪುಣ್ಯ.

ಈಗ ಅಪ್ಡೇಟ್ ವಿಷಯಕ್ಕೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ಸಾಮಾನಿವೆ, ಒಂದು ಅಪ್ಡೇಟ್ ಆದ್ರೆ ಇನ್ನೊಂದು ಆಯ್ತು ಅಂತ ಅಲ್ಲ. ಬ್ರೌಸರ್ ಒಂದು. ಎಕ್ಸ್‌ಟೆನ್ಷನ್, ಥೀಮ್ ಇವೆಲ್ಲ ಒಂದು. ಮೂರನೇದು ಪ್ಲಗಿನ್ಸ್ ಅನ್ನೋ ಟ್ಯಾಬ್, ಕಂಟ್ರೋಲ್ ಶಿಫ್ಟ್ ಎ ಒತ್ತಿ ಆಡ್-ಆನ್ಸ್ ಪೇಜ್ ತೆಗೆದ್ರೆ ಎಡಗಡೆ ಕಾಣತ್ತೆ, ಅದ್ರಲ್ಲಿ ಈಗ ಉಳಿದಿರೋದು ವಿಡಿಯೋ ಕಾಲ್‌ಗೆ ಬೇಕಾದ ಸಿಸ್ಕೋದವರ ಓಪನ್ ಎಚ್ 264 ಕೋಡೆಕ್ ಮತ್ತೆ ಕಾಪಿ ಮಾಡದಂಗೆ ಬೀಗ ಹಾಕಿರೋ ಸಿನಿಮಾ ಪ್ಲೇ ಮಾಡೋಕೆ ಬೇಕಾದ ಗೂಗಲ್‌ನ ವೈಡ್‌ವೈನ್, ಅಷ್ಟೇ. ಓಟಿಟಿ ಸೈಟ್‌ನಲ್ಲಿ ಸಿನಿಮಾ ಪ್ಲೇ ಆಗಲ್ಲ ಅಂದ್ರೆ ಮೊದ್ಲು ನೋಡ್ಬೇಕಾದ್ದು ಈ ವೈಡ್‌ವೈನ್‌ನ, ಸುಮ್ನೆ ಇಡೀ ಬ್ರೌಸರ್ ಕಿತ್ತು ಮತ್ತೆ ಹಾಕ್ಬೇಡಿ. ಅದೇ ಪೇಜ್‌ನಲ್ಲಿ ಗೇರ್ ಚಕ್ರದ ಐಕಾನ್ ಇದೆಯಲ್ಲ, ಅದನ್ನ ಒತ್ತಿದ್ರೆ ಚೆಕ್ ಫಾರ್ ಅಪ್ಡೇಟ್ಸ್ ಬರತ್ತೆ, ಅದ್ರ ಜೊತೆಗೇ ವ್ಯೂ ರೀಸೆಂಟ್ ಅಪ್ಡೇಟ್ಸ್ ಅಂತಾನೂ ಇದೆ, ಯಾವ್ದು ಯಾವತ್ತು ಬದಲಾಯ್ತು ಅಂತ ತಾರೀಖಿನ ಸಮೇತ ತೋರಿಸತ್ತೆ. ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಬ್ರೌಸರ್ ತಾನಾಗೇ ದಿನಕ್ಕೊಂದ್ಸಲ ಚೆಕ್ ಮಾಡ್ಕೊಳತ್ತೆ, ನಾವು ಕೈ ಹಾಕ್ಬೇಕಾಗಿ ಬರೋದು ಅಪರೂಪ.

ಆಡ್-ಆನ್ ಸೈಟ್‌ನವರು ಇನ್ನೊಂದು ಒಳ್ಳೇದು ಮಾಡಿದಾರೆ, ಹಳೇ ವರ್ಷನ್‌ಗಳನ್ನ ಅಳಿಸದೆ ಇಟ್ಟಿದಾರೆ. ಯಾವ್ದಾದ್ರೂ ಎಕ್ಸ್‌ಟೆನ್ಷನ್‌ನ ಇನ್‌ಸ್ಟಾಲ್ ಬಟನ್ ಮಸುಕಾಗಿ, ನಿಮ್ಮ ಫೈರ್‌ಫಾಕ್ಸ್‌ಗೆ ಹೊಂದಲ್ಲ ಅಂದ್ರೆ, ಅದೇ ಪೇಜ್‌ನಲ್ಲಿ ಕೆಳಗಡೆ ಸೀ ಆಲ್ ವರ್ಷನ್ಸ್ ಅಂತ ಇರತ್ತೆ, ಅಲ್ಲಿ ಪ್ರತಿಯೊಂದರ ಪಕ್ಕ ಯಾವ ಫೈರ್‌ಫಾಕ್ಸ್‌ನಿಂದ ಮೇಲಕ್ಕೆ ಕೆಲ್ಸ ಮಾಡತ್ತೆ ಅಂತ ಬರೆದಿರ್ತಾರೆ, 115ಕ್ಕೆ ಹೊಂದೋದು ನೋಡಿ ಹಾಕ್ಕೊಳ್ಳಿ. ಹಳೇದ್ರಲ್ಲಿ ತೂತು ಇದ್ರೆ ಅದಕ್ಕೆ ಪ್ಯಾಚ್ ಬರಲ್ಲ ಅನ್ನೋದು ನೆನಪಿರ್ಲಿ, ಹಂಗಾಗಿ ಪಾಸ್‌ವರ್ಡ್ ಮುಟ್ಟೋ ಎಕ್ಸ್‌ಟೆನ್ಷನ್‌ಗಳಿಗೆ ಈ ದಾರಿ ಬೇಡ. ಜಾಹೀರಾತು ತಡೆಯೋ ಯೂಬ್ಲಾಕ್ ಒರಿಜಿನ್ ಹಾಕಿರೋರಿಗೆ ಒಂದ್ ಮಾತು, ಏನೇನು ತಡೀಬೇಕು ಅನ್ನೋ ಅದ್ರ ಫಿಲ್ಟರ್ ಲಿಸ್ಟ್ ಎಕ್ಸ್‌ಟೆನ್ಷನ್ ಜೊತೆ ಅಪ್ಡೇಟ್ ಆಗತ್ತೆ ಅಂತ ಕಾಯ್ಬೇಡಿ, ಅದು ಬೇರೇನೇ, ಡ್ಯಾಶ್‌ಬೋರ್ಡ್‌ನಲ್ಲಿ ಅಪ್ಡೇಟ್ ನೌ ಬಟನ್ ಇದೆ.

ಆದ್ರೆ 115 ಅಂತ ಇದ್ರೆ ಸಾಲದು, 115.13 ಅಥವಾ ಅದಕ್ಕಿಂತ ಮೇಲಿರ್ಬೇಕು. ಯಾಕಂದ್ರೆ ಆಡ್-ಆನ್‌ಗಳ ಸಹಿ ಸಾಚಾನಾ ಅಂತ ನೋಡೋಕೆ ಬ್ರೌಸರ್ ಒಳಗೇ ಒಂದು ರೂಟ್ ಸರ್ಟಿಫಿಕೇಟ್ ಇಟ್ಟಿರ್ತಾರೆ, ಹಳೇದು 2025ರ ಮಾರ್ಚ್ 14ಕ್ಕೆ ಎಕ್ಸ್‌ಪೈರ್ ಆಯ್ತು. ಸಾಮಾನ್ಯ ಚಾನೆಲ್‌ನಲ್ಲಿ 128ಕ್ಕಿಂತ, ಇಎಸ್‌ಆರ್‌ನಲ್ಲಿ 115.13ಕ್ಕಿಂತ ಕೆಳಗಿರೋದ್ರಲ್ಲಿ ಎಕ್ಸ್‌ಟೆನ್ಷನ್‌ಗಳು ಡಿಸೇಬಲ್ ಆಗೋದು, ವೈಡ್‌ವೈನ್ ಕೈ ಕೊಡೋದು ಎಲ್ಲ ಇದ್ರಿಂದಾನೇ. 2019ರ ಮೇ ತಿಂಗಳಲ್ಲೂ ಇದೇ ಥರ ಒಂದು ಸರ್ಟಿಫಿಕೇಟ್ ಮುಗಿದು ಪ್ರಪಂಚದಾದ್ಯಂತ ಫೈರ್‌ಫಾಕ್ಸ್ ಆಡ್-ಆನ್‌ಗಳು ಒಟ್ಟಿಗೆ ಆಫ್ ಆಗಿದ್ವು. ಅಬೌಟ್ ಫೈರ್‌ಫಾಕ್ಸ್ ಕಿಟಕಿ ತೆಗೆದು ನಂಬರ್ ನೋಡೋಕೆ ಅರ್ಧ ನಿಮಿಷ ಸಾಕು, ಈಗ್ಲೇ ನೋಡಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಹಳೇ ಸಿಸ್ಟಂಗಳಲ್ಲಿ ಮದರ್‌ಬೋರ್ಡ್ ಮೇಲಿರೋ ದುಂಡನೆ ಸೆಲ್ ಸತ್ತಿರತ್ತೆ. ನನ್ ಸಿಸ್ಟಂನಲ್ಲೂ ಅದೇ ಆಯ್ತು, ಪವರ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ, ಬ್ರೌಸರ್ ತೆಗೆದ್ರೆ ಯಾವ ಸೈಟ್‌ಗೆ ಹೋದ್ರೂ ಸೆಕ್ಯೂರ್ ಕನೆಕ್ಷನ್ ಇಲ್ಲ ಅನ್ನತ್ತೆ, ಆಡ್-ಆನ್ ಅಪ್ಡೇಟ್ ಒತ್ತಿದ್ರೆ ಆಗಲ್ಲ ಅನ್ನತ್ತೆ. ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರತ್ತಲ್ಲ, ಗಡಿಯಾರ ಹಿಂದಿದ್ರೆ ಅದಿನ್ನೂ ಹುಟ್ಟೇ ಇಲ್ಲ ಅಂತ ಲೆಕ್ಕ. ಬಲಗಡೆ ಕೆಳಗಿನ ಗಡಿಯಾರ ಸರಿ ಮಾಡಿದ್ ತಕ್ಷಣ ಎಲ್ಲ ಸರಸರ ಅಪ್ಡೇಟ್ ಆಯ್ತು. ಆಮೇಲೆ ಸಿಆರ್ 2032 ಸೆಲ್ ಹಾಕಿದ್ಮೇಲೆ ಆ ರಗಳೆ ಇಲ್ಲ.

ವಿಂಡೋಸ್ 7ನ ಹೊಸದಾಗಿ ಇನ್‌ಸ್ಟಾಲ್ ಮಾಡಿರೋರು ಸರ್ವೀಸ್ ಪ್ಯಾಕ್ 1 ಜೊತೆ 2019ರಲ್ಲಿ ಮೈಕ್ರೋಸಾಫ್ಟ್ ಬಿಟ್ಟ ಅಪ್ಡೇಟ್‌ಗಳಾದ ಕೆಬಿ 4490628 ಮತ್ತೆ ಕೆಬಿ 4474419 ಎರಡನ್ನೂ ಇದೇ ಕ್ರಮದಲ್ಲಿ ಹಾಕ್ಕೊಳ್ಳಿ, ಎಸ್‌ಎಚ್‌ಎ-2 ಅನ್ನೋ ಬಗೆಯ ಡಿಜಿಟಲ್ ಸಹಿ ಗುರುತು ಹಿಡಿಯೋಕೆ ಅವು ಬೇಕು, ಇಲ್ಲ ಅಂದ್ರೆ ಈಗಿನ ಸಾಫ್ಟ್‌ವೇರ್‌ಗಳ ಸಹಿನ ವಿಂಡೋಸ್ ನಂಬೋದೇ ಇಲ್ಲ.

ಇನ್ನು ವೆಬ್ ಪೇಜ್‌ನಲ್ಲಿ ವಿಡಿಯೋ, ಗೇಮ್ ಓಡಿಸ್ತಿದ್ದ ಹಳೇ ಪ್ಲಗಿನ್‌ಗಳಾದ ಫ್ಲ್ಯಾಶ್, ಜಾವಾ, ಸಿಲ್ವರ್‌ಲೈಟ್ ಅಪ್ಡೇಟ್ ಎಲ್ಲಿ ಸಿಗತ್ತೆ ಅಂತ ಹುಡುಕೋರಿಗೆ, ದಯವಿಟ್ಟು ಬಿಟ್ಬಿಡಿ. ಜಾವಾ, ಸಿಲ್ವರ್‌ಲೈಟ್ ಥರದ ಪ್ಲಗಿನ್‌ಗಳನ್ನ ಕ್ರೋಮ್ 2015ರಲ್ಲೇ ಹೊರಗೆ ಹಾಕ್ತು, ಫೈರ್‌ಫಾಕ್ಸ್ 2017ರಲ್ಲಿ 52ನೇ ವರ್ಷನ್‌ನಿಂದ ಫ್ಲ್ಯಾಶ್ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತೆಗೀತು, 2021ರ 85ರಲ್ಲಿ ಫ್ಲ್ಯಾಶೂ ಹೋಯ್ತು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಅಂಗಡಿ ಮುಚ್ಚಿ 2021ರ ಜನವರಿ 12ರಿಂದ ಫ್ಲ್ಯಾಶ್ ಕಂಟೆಂಟ್‌ನ್ನೇ ಬ್ಲಾಕ್ ಮಾಡಿದ್ರು, ಅನ್‌ಇನ್‌ಸ್ಟಾಲ್ ಮಾಡಿ ಅಂತ ಅವ್ರೇ ಹೇಳಿದ್ರು. ಹಂಗಿರುವಾಗ ಈವತ್ತು ನಿಮ್ಮ ಸ್ಕ್ರೀನ್ ಮೇಲೆ ಫ್ಲ್ಯಾಶ್ ಅಪ್ಡೇಟ್ ಮಾಡಿ ಅಂತ ಪಾಪ್‌ಅಪ್ ಬಂದ್ರೆ ಅದು ನೂರಕ್ಕೆ ನೂರು ಮೋಸ. ಹಳೇ ಫ್ಲ್ಯಾಶ್ ಗೇಮ್ ಆಡ್ಬೇಕು ಅನ್ನೋ ಆಸೆ ಇದ್ರೆ ರಫಲ್ ಅನ್ನೋ ಎಕ್ಸ್‌ಟೆನ್ಷನ್ ಹಾಕಿ ನೋಡಿ, ಅಸಲಿ ಫ್ಲ್ಯಾಶ್ ಬೇಕಿಲ್ಲ, ತುಂಬಾ ಹಳೇ ಗೇಮ್‌ಗಳು ಚೆನ್ನಾಗೇ ಓಡ್ತವೆ, ಆಮೇಲಿನವು ಕೆಲವು ತೊದಲ್ತವೆ.

ಕೊರತೆ ಇಲ್ವಾ ಅಂದ್ರೆ ಇದೆ. ರ‍್ಯಾಮ್ ಕಮ್ಮಿ ಇರೋ ಸಿಸ್ಟಂನಲ್ಲಿ ಹತ್ತಾರು ಟ್ಯಾಬ್ ತೆಗೆದು ಕೂತ್ಕೋಬೇಡಿ. 115 ಅನ್ನೋ ನಂಬರ್ ನೋಡಿ ಬ್ರೌಸರ್ ಹಳೇದು ಅಂತ ಒಳಗೇ ಬಿಡದ ಸೈಟ್‌ಗಳೂ ಇರ್ತವೆ. ಮುಖ್ಯವಾಗಿ ಬ್ರೌಸರ್ ಎಷ್ಟೇ ಹೊಸದಾಗಿದ್ರೂ ಕೆಳಗಿರೋ ವಿಂಡೋಸ್‌ನ ತೂತು ಅದು ಮುಚ್ಚಲ್ಲ, ಹಂಗಾಗಿ ನಾನು ಬ್ಯಾಂಕ್ ಕೆಲ್ಸ ಈ ಸಿಸ್ಟಂನಲ್ಲಿ ಮಾಡಲ್ಲ, ಓದೋಕೆ, ಸ್ಕ್ಯಾನ್ ಮಾಡಿ ಮೇಲ್ ಹಾಕೋಕೆ ಅಷ್ಟೇ.

ಎಕ್ಸ್‌ಪಿನಲ್ಲೇ ಇರೋರಿಗೆ ಈ ರಿವ್ಯೂ ಉಪಯೋಗಕ್ಕೆ ಬರಲ್ಲ, ಅಲ್ಲಿ ಮೊಜಿಲ್ಲಾದಿಂದ ಬಂದ ಕೊನೇದು 2018ರ 52.9 ಇಎಸ್‌ಆರ್. ಸೂಪರ್‌ಮಿಯಂ ಅಂತ ಕ್ರೋಮಿಯಂನಿಂದ ಮಾಡಿರೋ ಒಂದು ಬ್ರೌಸರ್ ಎಕ್ಸ್‌ಪಿ ಮೇಲೂ ಓಡತ್ತೆ, ಆಸಕ್ತಿಯಿಂದ ಮಾಡ್ತಿರೋದು, ದೊಡ್ಡ ಕಂಪನಿ ಹಿಂದಿಲ್ಲ, ಅಷ್ಟು ತಿಳ್ಕೊಂಡು ಹಾಕ್ಕೊಳ್ಳಿ. ವಿಂಡೋಸ್ 7 ಮೇಲಿನ 115 ಇಎಸ್‌ಆರ್‌ಗೆ ಮಾತ್ರ ನನ್ ಕಡೆಯಿಂದ ಐದಕ್ಕೆ ನಾಲ್ಕು.