ಕಲಿಮ್ನೋಸ್: ಏರಲು ಬಂಡೆ, ಅರಿಯಲು ಕಡಲು

ಬಿಳಿ ಮನೆ, ನೀಲಿ ಗುಮ್ಮಟಗಳ ಗ್ರೀಸನ್ನು ಬಯಸುವವರಿಗೆ ಕಲಿಮ್ನೋಸ್ ಹೇಳಿ ಮಾಡಿಸಿದ ಜಾಗವಲ್ಲ. ಕೋಸ್ ದ್ವೀಪದಿಂದ ಫೆರ್ರಿಯಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಈ ದ್ವೀಪದ ಬಹುಭಾಗ ಬೋಳು ಸುಣ್ಣಕಲ್ಲಿನ ಬೆಟ್ಟವೇ ಆಗಿದೆ. ಬಂಡೆ ಏರುವವರು ಜಗತ್ತಿನ ಮೂಲೆಮೂಲೆಗಳಿಂದ ಇಲ್ಲಿಗೆ ಬರುವುದೂ ಅದಕ್ಕಾಗಿಯೇ.

ನಾವು ಅಕ್ಟೋಬರಿನಲ್ಲಿ ಮಸೂರಿ ಊರಿನಲ್ಲಿ ಒಂದು ವಾರ ತಂಗಿದ್ದೆವು. ಊರಿನ ಮೇಲಿನ ಬಂಡೆಗಳು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದವರೆಗೆ ನೆರಳಿರುತ್ತದೆ. ಬಾದಾಮಿಯ ಮರಳುಗಲ್ಲಿನ ಅಂಚುಗಳನ್ನು ಬೆರಳತುದಿಯಲ್ಲಿ ಹಿಡಿದು ಅಭ್ಯಾಸವಾಗಿದ್ದ ನನಗೆ, ಗ್ರಾಂಡೆ ಗ್ರೊಟ್ಟಾ ಗವಿಯ ಸೂರಿನಿಂದ ಆನೆಯ ಸೊಂಡಿಲಿನಂತೆ ಇಳಿಬಿದ್ದ ಸುಣ್ಣದ ಕಂಬಗಳನ್ನು ಮಂಡಿಗಳ ನಡುವೆ ಅವುಚಿಕೊಂಡು ಮೇಲೇರುವುದು ಹೊಸ ವಿದ್ಯೆಯಾಗಿತ್ತು. ಒಂದು ಎಚ್ಚರಿಕೆ: ಬಾಡಿಗೆ ಅಂಗಡಿಯೊಂದು ನಮಗೆ ಏನೂ ಹೇಳದೆ 60 ಮೀಟರಿನ ಹಗ್ಗ ಕೊಟ್ಟಿತು, ಇಳಿಯುವಾಗ ಅದು ನೆಲ ಮುಟ್ಟಲಿಲ್ಲ. ಹಗ್ಗ ಪೂರ್ತಿ ಜಾರಿಹೋಗದಂತೆ ತುದಿಗೆ ಹಾಕಿದ್ದ ಗಂಟೇ ನನ್ನನ್ನು ಕಾಪಾಡಿತು. ಇಲ್ಲಿ 80 ಮೀಟರಿನ ಹಗ್ಗವನ್ನೇ ಕೇಳಿ ಪಡೆಯಬೇಕು.

ಆದರೆ ಬಂಡೆ ಏರಿ ಮರಳುವವರು ದ್ವೀಪದ ಅರ್ಧವನ್ನಷ್ಟೇ ಕಂಡಂತೆ. ರಾಜಧಾನಿ ಪೋಥಿಯಾದ ಕಡಲ ಸಂಗ್ರಹಾಲಯಕ್ಕೆ ಒಂದು ದಿನವನ್ನೇ ಮೀಸಲಿಡಬೇಕೆಂಬುದು ನನ್ನ ಆಗ್ರಹ. ಇಲ್ಲಿನ ಗಂಡಸರು ತಲೆಮಾರುಗಳಿಂದ ಕಡಲ ತಳದಲ್ಲಿ ಬೆಳೆಯುವ ಸ್ಪಂಜು ಕೀಳಲು ಸಮುದ್ರಕ್ಕೆ ಧುಮುಕಿದವರು. ಮೊದಲು ಸ್ಕಂಡಲೋಪೆಟ್ರಾ ಎಂಬ ಚಪ್ಪಟೆ ಕಲ್ಲನ್ನು ಹಿಡಿದು, ಒಂದೇ ಉಸಿರಿನಲ್ಲಿ ತಳ ಸೇರುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಶಿರಸ್ತ್ರಾಣ ಮತ್ತು ಗಾಳಿಯ ಕೊಳವೆಯ ಉಡುಪು ಬಂದ ಮೇಲೆ ಹೆಚ್ಚು ಆಳದಲ್ಲಿ, ಹೆಚ್ಚು ಹೊತ್ತು ಇರಲು ಸಾಧ್ಯವಾಯಿತು. ಅವಸರದಲ್ಲಿ ಮೇಲೆ ಬಂದವರ ರಕ್ತದಲ್ಲಿ ಸಾರಜನಕ ಗುಳ್ಳೆಗಟ್ಟಿ, ಅನೇಕರು ಸತ್ತರು, ಅನೇಕರ ಕಾಲುಗಳ ಸ್ವಾಧೀನ ತಪ್ಪಿತು. ಆ ನೋವನ್ನು ಊರು ಮಿಹಾನಿಕೋಸ್ ಎಂಬ ಕುಣಿತದಲ್ಲಿ ಉಳಿಸಿಕೊಂಡಿದೆ: ಮುಂದಾಳು ಕೋಲೂರಿ, ನಡುಗುವ ಕಾಲನ್ನು ಎಳೆಯುತ್ತಾ ಹೆಜ್ಜೆ ಹಾಕುತ್ತಾನೆ. ಅದನ್ನು ನೋಡುವಾಗ ನನ್ನ ಕಣ್ಣು ತುಂಬಿತು.

ಬಂದರಿನ ಅಂಗಡಿಯಲ್ಲಿ ಸ್ಪಂಜು ಕೊಳ್ಳುವವರು ಅದನ್ನು ನೀರಿನಲ್ಲಿ ನೆನೆಸಿ ತೋರಿಸುವಂತೆ ಕೇಳಬೇಕು. ಒಣಗಿದ್ದಾಗ ಅಂಗೈಗೆ ಒರಟಾಗಿ ತಾಗುವ ಅದು ನೆನೆದೊಡನೆ ಹಿಗ್ಗಿ, ಬೆಣ್ಣೆಯಷ್ಟು ಮೃದುವಾಗುತ್ತದೆ.