ಆಂಟಿಕ್ ಬ್ರಾಸ್ ಸೆಟ್: ಉಪ್ಪು ಗಾಳಿಗೆ ಲೈಟು ತಡೆಯಿತು, ಹ್ಯಾಂಡಲ್ ತಡೆಯಲಿಲ್ಲ

ಬಾಗಿಲಿನ ಹ್ಯಾಂಡಲ್ ಮೇಲೆ ಹೆಬ್ಬೆರಳು ಕೂರುವ ಜಾಗ ಇದೆಯಲ್ಲ, ಅಲ್ಲಿಂದ ಶುರುವಾಯಿತು. ಮೊದಲು ಕಂದು ಬಣ್ಣ ಹೋಗಿ ಹಳದಿ ಕಂಡಿತು. ಆಂಟಿಕ್ ಫಿನಿಶ್, ಅಂದರೆ ಹಳೆಯ ಹಿತ್ತಾಳೆಯಂತೆ ಕಾಣುವ ಮೇಲ್ಬಣ್ಣ ತಾನೇ, ಹೀಗೇ ಹಳತಾಗುತ್ತಾ ಹೋಗುತ್ತದೆ ಅಂದುಕೊಂಡು ಖುಷಿಪಟ್ಟೆ. ಆಮೇಲೆ ಹಳದಿಯೂ ಹೋಯಿತು. ಈಗ ಒಳಗಿನ ಬೂದು ಲೋಹ ಕಾಣುತ್ತಿದೆ. ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದಿವೆ. ಒಂದನ್ನು ಉಗುರಿನಲ್ಲಿ ಕೆರೆದರೆ ಸಿಪ್ಪೆ ಏಳುತ್ತದೆ, ಕೆಳಗೆ ಬಿಳಿ ಪುಡಿ.

ನಮ್ಮದು ಉಡುಪಿ ಕಡೆ. ರಾತ್ರಿ ಊರು ಸುಮ್ಮನಾದ ಮೇಲೆ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಮನೆ ಕಟ್ಟುವಾಗ ವಾಲ್ ಲೈಟ್, ಊಟದ ಮೇಜಿನ ಮೇಲಿನ ಹ್ಯಾಂಗಿಂಗ್ ಲೈಟ್, ಬಾಗಿಲಿನ ಹ್ಯಾಂಡಲ್, ಕಪಾಟಿನ ಹಿಡಿ, ಕರ್ಟನ್ ಬ್ರಾಕೆಟ್, ಟವೆಲ್ ರಾಡ್ ಎಲ್ಲವನ್ನೂ ಒಂದೇ ಕಂಪನಿಯ ಒಂದೇ ಫಿನಿಶ್‌ನಲ್ಲಿ ತೆಗೆದುಕೊಂಡೆವು. ಸೈಜು, ವ್ಯಾಟು, ಫೋಟೋ ಎಲ್ಲ ಕ್ಯಾಟಲಾಗ್‌ನಲ್ಲೇ ಇರುತ್ತದೆ, ನಾನು ಬರೆಯುವುದಿಲ್ಲ. ಕಂಪನಿಯ ಹೆಸರೂ ಬೇಡ. ಈ ಬೆಲೆಗೆ ಸಿಗುವ ಬೇರೆ ಸೆಟ್ಟುಗಳೂ ಹೆಚ್ಚುಕಮ್ಮಿ ಹೀಗೇ ತಯಾರಾಗುತ್ತವೆ.

ಸೆಟ್ಟೇ ಯಾಕೆ ಅಂದರೆ, ಬಿಡಿಬಿಡಿಯಾಗಿ ಹುಡುಕಿ ಸಾಕಾಗಿತ್ತು. ಒಂದು ಅಂಗಡಿಯ ಆಂಟಿಕ್ ಬ್ರಾಸ್ ಕಾಫಿ ಡಿಕಾಕ್ಷನ್ ಬಣ್ಣ. ಇನ್ನೊಂದು ಕಡೆಯದು ಹಸಿರು ಛಾಯೆ. ಮೂರನೆಯವರು ತೋರಿಸಿದ್ದು ಅಪ್ಪಟ ಚಿನ್ನದ ಬಣ್ಣ, ಕೇಳಿದರೆ ಅದೂ ಆಂಟಿಕ್. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಲೈಟ್ ಅಂಗಡಿಗಳ ಸಾಲನ್ನೇ ಸುತ್ತಿದೆವು. ಲೈಟು ಬೇಕಾದಷ್ಟಿದೆ, ಆದರೆ ಅದಕ್ಕೆ ಹೊಂದುವ ಹ್ಯಾಂಡಲ್ ಹುಡುಕಲು ಬೇರೆ ಬೀದಿಗೆ ಹೋಗಬೇಕು. ಹಾಗಾಗಿ ಒಂದೇ ಸೂರಿನಡಿ ಎಲ್ಲ ಸಿಕ್ಕಾಗ ಬಿಲ್ ಕಂಡು ಸ್ವಲ್ಪ ಎದೆ ಧಸಕ್ಕೆಂದರೂ ತೆಗೆದುಕೊಂಡೆವು. ಹೋಮ್ ಲೋನ್ ತಲೆಯ ಮೇಲಿರುವವರಿಗೆ 68 ಸಾವಿರ ಸಣ್ಣ ಮೊತ್ತ ಅಲ್ಲ.

ಮತ್ತೆ ಹ್ಯಾಂಡಲ್‌ಗೆ ಬರುತ್ತೇನೆ. ಶೋರೂಮಿನ ಹುಡುಗ ಒಂದು ಅಯಸ್ಕಾಂತ ತಂದು ಹ್ಯಾಂಡಲ್‌ಗೆ ಹಿಡಿದು ತೋರಿಸಿದ್ದ. ಅಂಟಲಿಲ್ಲ. "ನೋಡಿ ಮೇಡಂ, ಕಬ್ಬಿಣ ಅಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಕಬ್ಬಿಣ ಅಲ್ಲ, ಆದರೆ ಹಿತ್ತಾಳೆಯೂ ಅಲ್ಲ. ಜಿಂಕ್ ಅಲಾಯ್, ಅಂದರೆ ಸತುವಿನ ಮಿಶ್ರಲೋಹ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಗೊತ್ತಾಗಬೇಕಾದರೆ ತೂಕ ನೋಡಬೇಕು. ಒಂದೇ ಅಳತೆಯ ಗಟ್ಟಿ ತುಂಡಾದರೆ ಹಿತ್ತಾಳೆಯದು ಕಾಲು ಭಾಗಕ್ಕಿಂತಲೂ ಜಾಸ್ತಿ ಭಾರ ಇರುತ್ತದೆ. ಇಲ್ಲದಿದ್ದರೆ ಸ್ಕ್ರೂ ಹೋಗುವ ತೂತಿನ ಒಳಗೆ, ಯಾರಿಗೂ ಕಾಣದ ಕಡೆ, ಮೊಳೆಯಲ್ಲಿ ಒಂದು ಗೀರು ಎಳೆಯಬೇಕು. ಒಳಗೂ ಹಳದಿ ಇದ್ದರೆ ಹಿತ್ತಾಳೆ, ಬೂದು ಬಂದರೆ ಜಿಂಕ್. ನಮ್ಮ ಮರದ ಕೆಲಸದ ಆಚಾರಿಯವರು ಇಷ್ಟೆಲ್ಲ ಮಾಡಲಿಲ್ಲ. ಪೆಟ್ಟಿಗೆಯಿಂದ ತೆಗೆದು ಅಂಗೈಯಲ್ಲಿ ಎರಡು ಸಲ ಕುಲುಕಿ, "ಎಂತದಿದು, ಹಗುರ ಉಂಟಲ್ಲ ಮಾರಾಯ್ರೆ" ಅಂದರು. ಅಷ್ಟು ಹೊತ್ತಿಗೆ ಬಾಗಿಲಿಗೆ ತೂತು ಹೊಡೆದಾಗಿತ್ತು.

ಈ ಬಣ್ಣ ಬರುವುದು ಹೀಗೆ. ಅಚ್ಚಿಗೆ ಹೊಯ್ದ ಜಿಂಕ್ ಮೇಲೆ ತಾಮ್ರದ ಲೇಪ, ಅದರ ಮೇಲೆ ಹಿತ್ತಾಳೆ ಲೇಪ. ಆಮೇಲೆ ಕೆಮಿಕಲ್ ಹಾಕಿ ಕಪ್ಪು ಮಾಡುತ್ತಾರೆ. ಉಬ್ಬಿದ ಕಡೆ ತಿಕ್ಕಿ ಹಳದಿ ಕಾಣಿಸುತ್ತಾರೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಕೊನೆಗೆ ಮೇಲೊಂದು ಲ್ಯಾಕರ್, ಅಂದರೆ ಪಾರದರ್ಶಕ ವಾರ್ನಿಶ್. ನೋಡಲು ಚಂದವೋ ಚಂದ. ಆದರೆ ಇಷ್ಟೂ ಪದರ ಸೇರಿ ಕೂದಲಿನ ದಪ್ಪವೂ ಇರುವುದಿಲ್ಲ. ದಿನಕ್ಕೆ ಎಷ್ಟೋ ಸಲ ಬೆವರಿನ ಕೈ ತಾಗಿ ಲ್ಯಾಕರ್ ಸವೆಯುತ್ತದೆ. ಸಣ್ಣ ರಂಧ್ರ ಸಿಕ್ಕರೆ ಸಾಕು, ಉಪ್ಪಿನ ತೇವ ಒಳಗಿಳಿದು ಜಿಂಕನ್ನು ತಿನ್ನತೊಡಗುತ್ತದೆ. ಆ ಬಿಳಿ ಪುಡಿ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಈ ಲೇಪ ಎಷ್ಟು ದಿನ ತಡೆದೀತು?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ಏನಾದರೂ ಹಾಕಿ ತೊಳೆದಿದ್ದೀರಾ?" ಇಲ್ಲಿ ನಮ್ಮ ಅತ್ತೆಯ ಕಥೆ ಬರುತ್ತದೆ. ದೇವರ ದೀಪ, ಗಂಟೆ ತಿಕ್ಕುವ ದಿನ ಉಳಿದ ಹುಣಿಸೆಹುಳಿಯಲ್ಲಿ ಅವರು ಹಾಲ್‌ನ ಒಂದು ಹ್ಯಾಂಡಲನ್ನೂ ತಿಕ್ಕಿಬಿಟ್ಟಿದ್ದರು. "ಹಿತ್ತಾಳೆ ಅಂದ್ರೆ ಹುಳಿ ಹಾಕಿಯೇ ತಿಕ್ಕಬೇಕು, ಒಣ ಬಟ್ಟೆಯಲ್ಲಿ ಒರೆಸಿದರೆ ಎಂತ ಆಗ್ತದೆ?" ಅವರ ಲೆಕ್ಕದಲ್ಲಿ ಸರಿಯೇ. ಹುಳಿ ತಾಗಿದ ಹ್ಯಾಂಡಲ್ ಒಂದೇ ಬೆಳಗ್ಗೆ ಕಂದು ಬಿಟ್ಟು ಹೊಳೆಯತೊಡಗಿತು. ಅದನ್ನು ನಾನು ದೂರಿನಲ್ಲಿ ಸೇರಿಸಲೇ ಇಲ್ಲ. ಆದರೆ ಬಚ್ಚಲುಮನೆ ಬಾಗಿಲಿನದನ್ನು ಅತ್ತೆ ಮುಟ್ಟಿಲ್ಲ, ನಾನೂ ತೊಳೆದಿಲ್ಲ. ಎಲ್ಲಕ್ಕಿಂತ ಮೊದಲು ಗುಳ್ಳೆ ಬಂದದ್ದು ಅದಕ್ಕೇ. ಫೋಟೋ ಕಳಿಸಿದೆ. ವಾರಂಟಿ ಒಳಗಿನ ಸ್ಪ್ರಿಂಗ್ ಮತ್ತು ಲಾಕ್‌ಗೆ ಮಾತ್ರ, ಫಿನಿಶ್‌ಗೆ ಇಲ್ಲ ಅಂತ ಉತ್ತರ ಬಂತು. ಸ್ಪ್ರಿಂಗ್ ಇವತ್ತಿಗೂ ಗಟ್ಟಿಯಾಗಿದೆ, ಸುಳ್ಳು ಹೇಳಬಾರದು.

ಇಷ್ಟು ಬರೆಯುವ ಹೊತ್ತಿಗೆ ಇಡೀ ಸೆಟ್ಟಿಗೆ ಒಂದು ಸ್ಟಾರ್ ಕೊಡೋಣ ಅನಿಸುತ್ತಿದೆ. ಆದರೆ ಸಂಜೆ ಆದರೆ ಹಾಗೆ ಅನಿಸುವುದಿಲ್ಲ. ಲೈಟುಗಳು ಅಷ್ಟು ಚೆನ್ನಾಗಿವೆ.

ಆರೂವರೆಗೆ ದೇವರಿಗೆ ದೀಪ ಹಚ್ಚಿದ ಮೇಲೆ ಸಿಟೌಟಿನ ವಾಲ್ ಲೈಟ್ ಹಾಕುತ್ತೇನೆ. ಟ್ಯೂಬ್‌ಲೈಟ್ ಹಾಕುವುದಿಲ್ಲ, ಅದು ಮಕ್ಕಳು ಓದಲು ಕೂತಾಗ. ವಾಲ್ ಲೈಟಿನ ಬೆಳಕು ಗೋಡೆಯ ಮೇಲೆ ಮೇಲಕ್ಕೊಂದು ಕೆಳಕ್ಕೊಂದು ಬೀಸಣಿಗೆ ಬಿಡಿಸುತ್ತದೆ. ಕೆಳಗಿನ ಬೆಳಕಿನಲ್ಲಿ ಕೂತು ಮಲ್ಲಿಗೆ ಕಟ್ಟಬಹುದು, ಕಣ್ಣಿಗೆ ಹೊಡೆಯುವುದಿಲ್ಲ. ಆಮೇಲೆ ಪ್ಯಾಸೇಜು. ಕೊನೆಯದಾಗಿ ಊಟದ ಮೇಜಿನ ಮೇಲಿನದು. ಅದನ್ನು ಮೇಜಿನಿಂದ 30ರಿಂದ 36 ಇಂಚು ಎತ್ತರದಲ್ಲಿ ಕಟ್ಟಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿದಾಗ ತಲೆಗೆ ಬಡಿಯುತ್ತದೆ ಅಂತ ಅವನು ವಾದ ಮಾಡಿದ. ಮೇಜಿನ ಮೇಲೆ ಯಾರು ನಡೆಯುತ್ತಾರೆ? ಈಗ ಬೆಳಕು ಬಟ್ಟಲಿನೊಳಗೆ ಬೀಳುತ್ತದೆ, ಕೂತವರ ಮುಖವೂ ಕಾಣುತ್ತದೆ, ಬಲ್ಬ್ ಮಾತ್ರ ಕಾಣುವುದಿಲ್ಲ.

ಶೇಡ್ ಕೆಳಮುಖವಾಗಿ ತೆರೆದಿರುವುದಕ್ಕೆ ಮಳೆಗಾಲ ಬಂದಾಗ ಬೆಲೆ ಗೊತ್ತಾಯಿತು. ಹಳೆಯ ಬಾಡಿಗೆ ಮನೆಯಲ್ಲಿ ಮೇಲ್ಮುಖದ ಗಾಜಿನ ಬುಟ್ಟಿ ಇತ್ತು. ಮೊದಲ ಮಳೆಗೆ ಬರುವ ರೆಕ್ಕೆಹುಳ ಪೂರ್ತಿ ಅದರೊಳಗೆ ಬಿದ್ದು, ಸ್ಟೂಲ್ ಹತ್ತಿ ಬಿಚ್ಚಿ ತೊಳೆಯುವುದೇ ಒಂದು ಕೆಲಸ. ಈಗ ಹುಳ ಮೇಜಿಗೆ ಬೀಳುತ್ತದೆ, ಒರೆಸಿದರೆ ಮುಗಿಯಿತು. (ಸಾರಿಗೂ ಬೀಳುತ್ತದೆ. ಜೂನ್ ಮೊದಲ ವಾರ ಬೇಗ ಊಟ ಮಾಡಿ ಲೈಟ್ ಆರಿಸುತ್ತೇವೆ.)

ಲೈಟುಗಳ ಮೇಲಿನ ಲೇಪವೂ ಅದೇ ಕಂಪನಿಯದು, ಅದೇ ಕಂದು. ಹೆಚ್ಚಿನವು ತಗಡು, ಮೇಲೆ ಬಣ್ಣ. ಆದರೂ ಏನೂ ಆಗಿಲ್ಲ. ಕೈ ತಾಗುವುದಿಲ್ಲ, ಬೆವರು ತಾಗುವುದಿಲ್ಲ, ತಿಂಗಳಿಗೊಮ್ಮೆ ಒಣ ಬಟ್ಟೆ ಅಷ್ಟೇ. ಸಿಟೌಟಿನದರ ಸ್ಕ್ರೂ ಮಾತ್ರ ತುಕ್ಕು ಹಿಡಿದು ಗೋಡೆಗೆ ಕೆಂಪು ನೀರು ಇಳಿಸಿತು. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿದೆ, ಸರಿಹೋಯಿತು. ಕರ್ಟನ್ ಬ್ರಾಕೆಟ್ಟುಗಳೂ ಹೊಸತರಂತಿವೆ.

ಮನೆ ಒಂದೇ ಹದದಲ್ಲಿ ಕಾಣಬೇಕು ಅಂತ ನಾವು ದುಡ್ಡು ಸುರಿದದ್ದು ಲೋಹಕ್ಕೆ. ಆ ಹದ ತಂದದ್ದು ಬಲ್ಬ್. ಎಲ್ಲ ಕಡೆ 3000 ಕೆಲ್ವಿನ್, ಅಂದರೆ ವಾರ್ಮ್ ವೈಟ್. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಕಡಿಮೆ ಇದ್ದರೆ ಹಳದಿ, ಜಾಸ್ತಿ ಇದ್ದರೆ ನೀಲಿ ಛಾಯೆ. ಒಂದು ಸಲ ಊಟದ ಮೇಜಿನ ಬಲ್ಬ್ ಹೋದಾಗ ನಮ್ಮವರು ಪಕ್ಕದ ಅಂಗಡಿಯಿಂದ 6500ರದು ತಂದು ಹಾಕಿದರು. ವ್ಯಾಟು ಸರಿಯಾಗಿಯೇ ಇತ್ತು. ಆದರೆ ಶೇಡ್ ಮಂಕಾಯಿತು, ಗೋಡೆಯ ಕೆನೆ ಬಣ್ಣ ನೀಲಿ ತಿರುಗಿತು, ಹಾಲ್‌ನಿಂದ ಆ ಕಡೆ ನೋಡಿದರೆ ಬೇರೆ ಯಾರದೋ ಮನೆ. ಕಬ್ಬಿಣವೋ ಹಿತ್ತಾಳೆಯೋ, ಹೊಂದುತ್ತದೋ ಇಲ್ಲವೋ ಅಂತ ಅಷ್ಟು ತಲೆಕೆಡಿಸಿಕೊಂಡಿದ್ದೆವು. ಒಂದು ಅಗ್ಗದ ಬಲ್ಬ್ ಅದನ್ನೆಲ್ಲ ನೀರಿಗೆ ಹಾಕಿತು. ಮಾರನೇ ದಿನ ಮತ್ತೆ 3000ರದು ಬಂತು. ಈ ಬೆಳಕಿನಲ್ಲಿ ಸವೆದ ಹ್ಯಾಂಡಲ್ ಕೂಡ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಬೂದು ಕಣ್ಣಿಗೆ ಬೀಳುವುದು ಬೆಳಗ್ಗೆ.

ಜೊತೆಗೆ ಬಲ್ಬಿನ ಡಬ್ಬಿಯಲ್ಲಿ ಸಿಆರ್‌ಐ ಅಂತ ಇರುತ್ತದೆ, ಅದನ್ನು ನೋಡಿ. ವಸ್ತುಗಳ ನಿಜ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಲೆಕ್ಕ ಅದು, ಗರಿಷ್ಠ 100. ಸಾಮಾನ್ಯ ಬಲ್ಬ್‌ಗಳು 80ರ ಆಸುಪಾಸು. ಊಟದ ಮೇಜಿಗೆ ನಾನು 90ರದು ಹಾಕಿದ್ದೇನೆ, ಬೆಲೆ ಸ್ವಲ್ಪ ಜಾಸ್ತಿ. ಕುಚ್ಚಲಕ್ಕಿ ಅನ್ನದ ಕೆಂಪು ಕೆಂಪಾಗಿಯೇ ಕಾಣುತ್ತದೆ. 80ರ ಬೆಳಕಿನಲ್ಲಿ ಅದೇ ಅನ್ನ ಮಣ್ಣು ಬಣ್ಣ. ಮೀನು ಸಾರಿನ ವಿಷಯ ಹೇಳುವುದೇ ಬೇಡ.

ಲೈಟುಗಳಲ್ಲೂ ಒಂದು ಕೈಕೊಟ್ಟಿತು. ಪ್ಯಾಸೇಜಿನದರಲ್ಲಿ ಬಲ್ಬ್ ಹಾಕುವ ಹೋಲ್ಡರೇ ಇಲ್ಲ, ಎಲ್‌ಇಡಿ ಒಳಗೇ ಕೂತಿದೆ. ಒಂದು ಸಂಜೆ ಸಿಡಿಲಿನ ಹೊಡೆತಕ್ಕೆ ಅದರ ಡ್ರೈವರ್ (ಎಲ್‌ಇಡಿಗೆ ಬೇಕಾದ ಹದದಲ್ಲಿ ಕರೆಂಟ್ ಕೊಡುವ ಸಣ್ಣ ಸಾಧನ) ಹೋಯಿತು. ಕಂಪನಿ ಆ ಮಾಡೆಲ್ ನಿಲ್ಲಿಸಿತ್ತು. ಎಲೆಕ್ಟ್ರಿಷಿಯನ್ ಹೊರಗಿನಿಂದ ಒಂದು ಡ್ರೈವರ್ ತಂದು ಕೂರಿಸಿದ, ಬೆಳಕು ಬಂತು, ಆದರೆ ಕಡಿಮೆ. ಹೋಲ್ಡರ್ ಇರುವ ಲೈಟುಗಳಿಗೆ ಈ ತೊಂದರೆಯೇ ಇಲ್ಲ. ಇ27 ತಿರುಪಿನ ಬಲ್ಬ್ ಈಗ ನಮ್ಮ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ. ಫಿನಿಶ್ ಹೊಂದಿಸಿ ಸೆಟ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು. ಒಂದು ಕೆಟ್ಟರೆ ಅದರ ಜೋಡಿ ಮತ್ತೆ ಸಿಗುವುದಿಲ್ಲ.

ಹ್ಯಾಂಡಲ್‌ಗಳಿಗೆ ಏನು ಮಾಡಿದೆ? ಎಲ್ಲ ಬದಲಾಯಿಸಲು ದುಡ್ಡಿಲ್ಲ. ದಿನವಿಡೀ ಕೈ ತಾಗುವ ಅಡುಗೆಮನೆ ಮತ್ತು ಮುಂಬಾಗಿಲಿಗೆ ಮಾತ್ರ ಗಟ್ಟಿ ಹಿತ್ತಾಳೆಯದು, ಲ್ಯಾಕರ್ ಇಲ್ಲದ್ದು ಹಾಕಿಸಿದೆ. ಬೆಲೆ ಹಳೆಯದರ ಮೂರು ಪಟ್ಟು. ಅದು ಕಪ್ಪಾಗುತ್ತದೆ, ತಿಕ್ಕಿದರೆ ಹೊಳೆಯುತ್ತದೆ, ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಅತ್ತೆಗೆ ಹುಣಿಸೆಹುಳಿ ಉಪಯೋಗಿಸಲು ಪರವಾನಗಿ ಸಿಕ್ಕಿದೆ. ಬಚ್ಚಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು, ಮೇಲೆ ಪಿವಿಡಿ ಕೋಟಿಂಗ್, ಅಂದರೆ ನಿರ್ವಾತದಲ್ಲಿ ಆವಿಯಿಂದ ಕೂರಿಸುವ ತೆಳು ಪದರ. ಪ್ಲೇಟಿಂಗ್‌ಗಿಂತ ಅದು ಎಷ್ಟೋ ಗಟ್ಟಿ. ಬಣ್ಣ ಸ್ವಲ್ಪ ಬೇರೆ, ಇರಲಿ. ಕಪಾಟಿನ ಹಿಡಿ ಬದಲಾಯಿಸುವುದು ಸುಲಭ. ಎರಡು ಸ್ಕ್ರೂ ತೂತಿನ ನಡುವಿನ ಅಂತರ 96 ಮಿಲಿಮೀಟರ್ ಅಥವಾ 128, ಅದೇ ಅಳತೆಯದು ತಂದರೆ ಹೊಸ ತೂತು ಬೇಕಿಲ್ಲ. ಬಣ್ಣಗಳು ಹೊಂದುತ್ತಿಲ್ಲ ಅಂತ ಈವರೆಗೆ ಗುರುತಿಸಿದವಳು ನನ್ನ ತಂಗಿ ಒಬ್ಬಳೇ. ಅವಳು ಸೀರೆಗೆ ಫಾಲ್‌ನ ಬಣ್ಣ ಹೊಂದಿಸಲು ಮೂರು ಅಂಗಡಿ ಹತ್ತುವವಳು.

ಮೈಸೂರು, ಹುಬ್ಬಳ್ಳಿ ಕಡೆಯವರಿಗೆ ಇದೇ ಹ್ಯಾಂಡಲ್ ಇನ್ನಷ್ಟು ವರ್ಷ ಬಂದೀತು, ಉಪ್ಪು ಗಾಳಿ ಇಲ್ಲವಲ್ಲ. ಕರಾವಳಿಯವರು ಈ ಸೆಟ್ಟಿನಲ್ಲಿ ಲೈಟು, ಕರ್ಟನ್ ಬ್ರಾಕೆಟ್ ತೆಗೆದುಕೊಳ್ಳಿ, ಕೈ ತಾಗುವುದನ್ನು ಬಿಡಿ. ಎಲ್ಲವೂ ಬೇಕೇ ಬೇಕು ಅನ್ನುವವರು ಸಾಲ್ಟ್ ಸ್ಪ್ರೇ ಟೆಸ್ಟ್ ಎಷ್ಟು ಗಂಟೆಯದು ಅಂತ ಕೇಳಿ. ಪೆಟ್ಟಿಗೆಯೊಳಗೆ ಉಪ್ಪು ನೀರಿನ ಮಂಜು ಹಾಯಿಸಿ ಲೇಪ ಎಷ್ಟು ಹೊತ್ತು ತಡೆಯುತ್ತದೆ ಅಂತ ನೋಡುವ ಪರೀಕ್ಷೆ ಅದು. ಗಂಟೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಂಗಡಿಯವರಿಗೆ ಗೊತ್ತಿರುವುದಿಲ್ಲ, ಕಂಪನಿಗೇ ಮೇಲ್ ಮಾಡಬೇಕು. ನಾನು ಮಾಡಿದ್ದಕ್ಕೆ ಬಂದ ಉತ್ತರದಲ್ಲಿ ಗಂಟೆಯ ಲೆಕ್ಕ ಇರಲಿಲ್ಲ. ಈ ಹ್ಯಾಂಡಲ್ ಮನೆಯ ಒಳಗಿನ ಬಳಕೆಗೆ ಮಾತ್ರ ಅಂತ ಬರೆದಿದ್ದರು. ಬಚ್ಚಲುಮನೆ ಇರುವುದು ಮನೆಯ ಒಳಗೇ ಅಲ್ವಾ ಅಂತ ತಿರುಗಿ ಕೇಳಿದ್ದೇನೆ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.